ಗ್ರೀಕ್ ಅಕ್ಷರದ ಮನೆ, ಗುಟ್ಟಿನ ಆಣೆ

ವಿಜ್ಞಾನದ ಮೇಷ್ಟರಿಗೆ ಗ್ರೀಕ್ ಅಕ್ಷರಗಳೆಂದರೆ ಮನೆಯ ಮಕ್ಕಳಿದ್ದ ಹಾಗೆ. ಆಲ್ಫಾ, ಬೀಟಾ, ಗಾಮಾ ಎಂದರೆ ವಿಕಿರಣ. ಲ್ಯಾಮ್ಡಾ ಎಂದರೆ ತರಂಗಾಂತರ. ಒಮೆಗಾ ಎಂದರೆ ವಿದ್ಯುತ್ ರೋಧದ ಮಾನವಾದ ಓಮ್. ಪೈ ಅಂತೂ ಪ್ರೈಮರಿ ಶಾಲೆ ದಾಟಿದ ಯಾವ ಹುಡುಗನಿಗೂ ಹೊಸದಲ್ಲ. ಮೂವತ್ತು ವರ್ಷಗಳಿಂದ ಈ ಅಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸುತ್ತ ಬಂದಿದ್ದೇನೆ. ಇವೇ ಅಕ್ಷರಗಳ ಮುಂದೆ ಮೇಣದಬತ್ತಿ ಹಿಡಿದು ನಿಂತು ಆಣೆ ಇಡುವವರೂ ಇದ್ದಾರೆ ಎಂಬುದು ಗೊತ್ತಾದದ್ದು ಮಾತ್ರ ಅಕ್ಕನ ಮಗಳ ಒಂದು ಫೋನ್ ಕರೆಯಿಂದ.

ಅವಳು ಮದುವೆಯಾಗಿ ಅಮೆರಿಕದ ಟೆಕ್ಸಸ್ ಸೇರಿ ಇಪ್ಪತ್ತು ವರ್ಷ ಮೀರಿತು. ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು; ಆಗ ತಾನೇ ಕಾಲೇಜು ಸೇರಿದ್ದಳು. ಫೋನಿನಲ್ಲಿ ಅಕ್ಕನ ಮಗಳ ದನಿ ಸರಿಯಿರಲಿಲ್ಲ. “ಮಾವ, ಇವಳು ಕಾಲೇಜಲ್ಲಿ ಅದ್ಯಾವುದೋ ಸಂಘ ಸೇರ್ತಾಳಂತೆ. ಗ್ರೀಕ್ ಹೆಸರು. ರಾತ್ರಿ ಹೊತ್ತು ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ಬೈಬಲ್ ಮುಂದಿಟ್ಟು ಪ್ರಮಾಣ ಮಾಡಿಸ್ತಾರೆ ಅಂತ ಯಾರೋ ಹೇಳಿದ್ರು. ಏನಂತ ಪ್ರಮಾಣ ಅಂತ ಕೇಳಿದ್ರೆ, ಸೇರೋವರೆಗೂ ಯಾರಿಗೂ ಹೇಳಲ್ವಂತೆ. ಇದು ಮತಾಂತರದ ಬಾಬತ್ತೇನಾದರೂ ಇರಬಹುದಾ?”

ನನಗೆ ತಕ್ಷಣ ಉತ್ತರ ತೋಚಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಆ ವಿಚಾರಣೆ ನನ್ನನ್ನು ಎರಡೂವರೆ ಶತಮಾನ ಹಿಂದಕ್ಕೆ ಎಳೆದುಕೊಂಡು ಹೋಯಿತು.

ಹೆಂಡದಂಗಡಿಯಲ್ಲಿ ಹುಟ್ಟಿದ ಸಂಘ

ಅಮೆರಿಕದ ಕಾಲೇಜುಗಳಲ್ಲಿ ಹುಡುಗರ ಸಂಘಕ್ಕೆ ಫ್ರೆಟರ್ನಿಟಿ ಎಂದೂ ಹುಡುಗಿಯರ ಸಂಘಕ್ಕೆ ಸೊರೊರಿಟಿ ಎಂದೂ ಹೆಸರು. ಲ್ಯಾಟಿನ್ನಿನಲ್ಲಿ ಮೊದಲನೆಯದು ಸೋದರತ್ವ, ಎರಡನೆಯದು ಸೋದರಿತ್ವ. ಇವುಗಳ ಹಿರಿಯಣ್ಣ ಫೈ ಬೀಟಾ ಕಪ್ಪಾ. 1776ರ ಡಿಸೆಂಬರ್ 5ರಂದು, ಅಮೆರಿಕ ಸ್ವಾತಂತ್ರ್ಯ ಸಾರಿ ಇನ್ನೂ ಐದು ತಿಂಗಳಾಗಿತ್ತಷ್ಟೆ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ವಿದ್ಯಾರ್ಥಿಗಳು ಕೂಡಿ ಇದನ್ನು ಕಟ್ಟಿದರು. ಸಭೆ ಸೇರಿದ್ದು ಊರಿನ ರ‍್ಯಾಲಿ ಟ್ಯಾವರ್ನ್ ಎಂಬ ಹೆಂಡದಂಗಡಿಯಲ್ಲಿ ಎಂಬ ಪ್ರತೀತಿಯಿದೆ. ಜ್ಞಾನದ ಮೇಲಿನ ಪ್ರೀತಿಯೇ ಬಾಳಿನ ಚುಕ್ಕಾಣಿ ಎಂಬರ್ಥದ ಗ್ರೀಕ್ ಮಾತಿನ ಮೊದಲಕ್ಷರಗಳೇ ಆ ಹೆಸರು. ಉದ್ದೇಶವೇನೋ ತತ್ವಚರ್ಚೆ, ಸಾಹಿತ್ಯ. ಆದರೆ ಅದರೊಂದಿಗೆ ಮೂರು ವಸ್ತುಗಳು ಹುಟ್ಟಿಕೊಂಡವು: ಗುಟ್ಟಾದ ಧ್ಯೇಯವಾಕ್ಯ, ಗುಟ್ಟಾದ ಕೈಕುಲುಕು, ಗುಟ್ಟನ್ನು ಕಾಯುವ ಆಣೆ. ಮುಂದೆ 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಹುಟ್ಟಿತು. ಅಲ್ಲಿಂದ ಮುಂದಕ್ಕೆ ಗ್ರೀಕ್ ಅಕ್ಷರಮಾಲೆ ಸಾಲದೆ ಹೋಗುವಷ್ಟು ಸಂಘಗಳು. ಹುಡುಗಿಯರ ಸಂಘಗಳು ಬೇರೂರಿದ್ದು 1850ರ ನಂತರ.

ಈ ಮೂರು ವಸ್ತುಗಳಲ್ಲಿ ಕೈಕುಲುಕಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಧರ್ಮದವರು ತಕರಾರು ತೆಗೆದದ್ದು ಆಣೆಯ ಮೇಲೆ.

1826ರಲ್ಲಿ ನ್ಯೂಯಾರ್ಕಿನ ಪಶ್ಚಿಮ ಭಾಗದಲ್ಲಿ ವಿಲಿಯಂ ಮಾರ್ಗನ್ ಎಂಬಾತ ಫ್ರೀಮೇಸನ್ನರ ಗುಟ್ಟುಗಳನ್ನು ಪುಸ್ತಕ ಮಾಡಿ ಹಂಚುತ್ತೇನೆಂದು ಹೊರಟು, ಇದ್ದಕ್ಕಿದ್ದಂತೆ ಕಾಣೆಯಾದ. ಅವನನ್ನು ಮೇಸನ್ನರೇ ಮುಗಿಸಿದರೆಂದು ಜನ ನಂಬಿದರು. ದೇಶವೆಲ್ಲ ಗುಪ್ತ ಸಂಘಗಳ ಮೇಲೆ ತಿರುಗಿಬಿತ್ತು. ಮೇಸನ್ ವಿರೋಧವನ್ನೇ ಬಂಡವಾಳ ಮಾಡಿಕೊಂಡು ಒಂದು ರಾಜಕೀಯ ಪಕ್ಷವೂ ಎದ್ದಿತು. ಈ ಗಾಳಿಗೆ ಸಿಕ್ಕಿ ಹಾರ್ವರ್ಡಿನ ಫೈ ಬೀಟಾ ಕಪ್ಪಾ ಶಾಖೆ 1831ರಲ್ಲಿ ಗುಟ್ಟನ್ನೇ ಕೈಬಿಟ್ಟಿತು. ಇಂದು ಆ ಸಂಘ ಜಾಣ ವಿದ್ಯಾರ್ಥಿಗಳನ್ನು ಗೌರವಿಸುವ ಬಹಿರಂಗ ಸಂಸ್ಥೆ. 1834ರಲ್ಲಿ ವಿಲಿಯಮ್ಸ್ ಕಾಲೇಜಿನ ಹುಡುಗರು ಗುಟ್ಟೇ ಇಲ್ಲದ ಸೋದರ ಸಂಘವೊಂದನ್ನು ಕಟ್ಟಿದರು. ಇಂದಿನ ಡೆಲ್ಟಾ ಅಪ್ಸಿಲಾನ್ ಅದೇ.

ಕ್ರೈಸ್ತರಿಗೆ ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎಂಬುದು ಯೇಸುವಿನ ಗಿರಿಪ್ರವಚನದ ಒಂದು ಬೋಧನೆ. ಕ್ವೇಕರ್ ಪಂಥದವರು ಇದನ್ನು ಅಕ್ಷರಶಃ ಪಾಲಿಸುತ್ತಾರೆ, ಕೋರ್ಟಿನಲ್ಲೂ ಆಣೆ ಇಡುವುದಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಮೆರಿಕದ ಸಂವಿಧಾನ ಅಧ್ಯಕ್ಷನಿಗೂ ಎರಡು ದಾರಿ ಕೊಟ್ಟಿದೆ, ಪ್ರಮಾಣ ಮಾಡಬಹುದು ಅಥವಾ ದೃಢೀಕರಿಸಬಹುದು. 1853ರಲ್ಲಿ ಫ್ರಾಂಕ್ಲಿನ್ ಪಿಯರ್ಸ್ ದೃಢೀಕರಿಸಿದ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲೂ ಇದೇ ಏರ್ಪಾಡು; ಶಾಸಕರು ದೇವರ ಹೆಸರಿನಲ್ಲಿಯೋ, ದೇವರ ಹೆಸರಿಲ್ಲದೆಯೋ ಅಧಿಕಾರ ವಹಿಸಿಕೊಳ್ಳುವುದನ್ನು ನಾವು ನೋಡುತ್ತಲೇ ಇದ್ದೇವೆ.

ಆದರೆ ಆ ಪ್ರಮಾಣದ ಮಾತುಗಳು ಅಚ್ಚಾಗಿವೆ. ಬೇಕಾದವರು ಮೊದಲೇ ಓದಿ, ಒಪ್ಪಿಗೆಯಾದರೆ ಹೇಳಬಹುದು. ಕಾಲೇಜಿನ ಸಂಘದಲ್ಲಿ ಮಾತು ಗೊತ್ತಾಗುವುದು ಅದನ್ನು ಉಚ್ಚರಿಸಬೇಕಾದ ಗಳಿಗೆಯಲ್ಲಿ. ಸುತ್ತಲೂ ಐವತ್ತು ಜನ ನಿಂತಿರುವಾಗ, ಹದಿನೆಂಟು ವರ್ಷದ ಮಗು “ತಡೀರಿ, ಇದು ನನಗೆ ಒಪ್ಪಿಗೆಯಿಲ್ಲ” ಎಂದು ಬಾಯಿ ತೆರೆದೀತೇ? ಪ್ರಯೋಗ ಮಾಡುವ ಮೊದಲೇ ಫಲಿತಾಂಶದ ಕೆಳಗೆ ಸಹಿ ಹಾಕು ಎಂದ ಹಾಗಾಯಿತು ಇದು. ನನ್ನ ಪ್ರಯೋಗಶಾಲೆಯಲ್ಲಿ ಹಾಗೆ ಸಹಿ ಹಾಕಿದ ಹುಡುಗನಿಗೆ ಸೊನ್ನೆ.

ಇಲಿನಾಯಿಯ ವೀಟನ್ ಕಾಲೇಜಿನ ಮೊದಲ ಅಧ್ಯಕ್ಷ ಜೊನಾಥನ್ ಬ್ಲಾಂಚರ್ಡ್ ಗುಲಾಮಗಿರಿಯ ವಿರುದ್ಧ ಹೋರಾಡಿದಷ್ಟೇ ಬಿರುಸಿನಿಂದ ಗುಪ್ತ ಸಂಘಗಳ ವಿರುದ್ಧವೂ ಹೋರಾಡಿದ. ಕ್ಯಾಥೋಲಿಕರಿಗಂತೂ 1738ರಿಂದಲೇ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಫ್ರೀಮೇಸನ್ ಸಂಘಕ್ಕೆ ಸೇರಕೂಡದೆಂದು ಕಟ್ಟಪ್ಪಣೆ ಮಾಡಿದ್ದ. ಅವರ ಹೆಸರಾಂತ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಗ್ರೀಕ್ ಅಕ್ಷರದ ಮನೆಗಳಿಲ್ಲ.

ಒಳಗೆ ಬಿಡದಿದ್ದರೆ ನಮ್ಮದೇ ಮನೆ

ಇಷ್ಟೆಲ್ಲ ವಿರೋಧವಿದ್ದೂ ಸಂಘಗಳು ಬೆಳೆದವು. ಬೆಳೆದದ್ದೂ ಧರ್ಮದ ಆಸರೆಯಲ್ಲೇ ಎಂಬುದು ತಮಾಷೆಯ ಸಂಗತಿ. ಅಂತರ್ಯುದ್ಧ ಮುಗಿದ 1865ರಲ್ಲಿ ವರ್ಜೀನಿಯಾದ ಸೈನಿಕ ಶಾಲೆಯ ಹುಡುಗರು ಆಲ್ಫಾ ಟೌ ಒಮೆಗಾ ಕಟ್ಟಿದ್ದು, ಒಬ್ಬರನ್ನೊಬ್ಬರು ಕೊಂದ ಉತ್ತರ ದಕ್ಷಿಣದವರನ್ನು ಕ್ರೈಸ್ತ ಸೋದರತ್ವದಿಂದ ಒಂದುಗೂಡಿಸಬೇಕೆಂದು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಓಟಿಸ್ ಗ್ಲೇಜ್‌ಬ್ರೂಕ್ ಮುಂದೆ ಪಾದ್ರಿಯಾದ. ಜೆರುಸಲೇಮಿನಲ್ಲಿ ಅಮೆರಿಕದ ಕಾನ್ಸುಲ್ ಕೂಡ ಆದ. 1895ರಲ್ಲಿ ಹುಟ್ಟಿದ ಆಲ್ಫಾ ಕೈ ರೋ ಸಂಘದ ಹೆಸರಿನಲ್ಲೇ ಕ್ರಿಸ್ತನ ಗ್ರೀಕ್ ಹೆಸರಿನ ಮೊದಲ ಎರಡು ಅಕ್ಷರಗಳಿವೆ. ಹೀಗೆ ಶಿಲುಬೆ, ಬೈಬಲ್ಲು, ಪ್ರಾರ್ಥನೆಗಳು ಅನೇಕ ಹಳೆಯ ಸಂಘಗಳ ದೀಕ್ಷಾವಿಧಿಯಲ್ಲಿ ಬೆರೆತುಹೋದವು. ಅಕ್ಕನ ಮಗಳ ಕಿವಿಗೆ ಬಿದ್ದದ್ದು ಪೂರಾ ಸುಳ್ಳೇನಲ್ಲ.

ಕ್ರೈಸ್ತ ಸೋದರತ್ವ ಎಂದ ಮೇಲೆ ಉಳಿದವರ ಗತಿ? ಪೂರ್ವ ಯುರೋಪಿನಿಂದ ಬಂದ ಯಹೂದಿ ಕುಟುಂಬಗಳ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ಕಾಲವದು. ಓದಿನಲ್ಲಿ ಮುಂದು, ಸಂಘದಲ್ಲಿ ಹೊರಗು. ಯೇಲ್ ವಿಶ್ವವಿದ್ಯಾಲಯದ ಮೂವರು ಯಹೂದಿ ವಿದ್ಯಾರ್ಥಿಗಳು 1895ರಲ್ಲಿ ಪೈ ಲ್ಯಾಮ್ಡಾ ಫೈ ಕಟ್ಟಿ, ಯಾವ ಮತದವನೂ ಬರಬಹುದು ಎಂದು ಬಾಗಿಲು ತೆರೆದಿಟ್ಟರು. 1898ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜೀಟಾ ಬೀಟಾ ಟೌ ಕತೆ ಇನ್ನೂ ಸ್ವಾರಸ್ಯದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ರಿಚರ್ಡ್ ಗಾಟ್‌ಹೈಲ್ ಪ್ರೇರಣೆಯಿಂದ ಜಿಯಾನಿಸ್ಟ್ ತರುಣರ ಕೂಟವಾಗಿ ಅದು ಶುರುವಾಯಿತು. ಮೂರು ಅಕ್ಷರಗಳು ಮೊದಲಿಗೆ ಗ್ರೀಕ್ ಅಲ್ಲವೇ ಅಲ್ಲ. ಹೀಬ್ರೂ ಧರ್ಮಗ್ರಂಥದ ಮೂರು ಪದಗಳ ತಲೆಯಕ್ಷರಗಳು. ಕೆಲವೇ ವರ್ಷಗಳಲ್ಲಿ ಅವು ಗ್ರೀಕ್ ವೇಷ ಹಾಕಿಕೊಂಡವು. ಹುಡುಗಿಯರ ಆಲ್ಫಾ ಎಪ್ಸಿಲಾನ್ ಫೈ 1909ರಲ್ಲಿ ಬಾರ್ನಾರ್ಡ್ ಕಾಲೇಜಿನಲ್ಲಿ, ಸಿಗ್ಮಾ ಡೆಲ್ಟಾ ಟೌ 1917ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದವು. 1922ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೇ ಮಿತಿ ಹಾಕಬೇಕೆಂದು ಹೊರಟಿದ್ದನ್ನು ನೆನೆದರೆ, ಆ ಮಕ್ಕಳಿಗೆ ಸ್ವಂತ ಸೂರು ಎಷ್ಟು ಬೇಕಿತ್ತೆಂಬುದು ತಿಳಿಯುತ್ತದೆ.

ಕ್ಯಾಥೋಲಿಕರದ್ದೂ ಹೆಚ್ಚುಕಡಿಮೆ ಇದೇ ಪಾಡು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೋಲಿಕ್ ಹುಡುಗಿಯರಿಗೆ ಬೇರೆ ಸಂಘಗಳಲ್ಲಿ ಸ್ವಾಗತವಿರಲಿಲ್ಲವೆಂದು, ಎಡ್ವರ್ಡ್ ಕೆಲ್ಲಿ ಎಂಬ ಪಾದ್ರಿಯ ಬೆಂಬಲದಿಂದ 1912ರಲ್ಲಿ ಥೀಟಾ ಫೈ ಆಲ್ಫಾ ಹುಟ್ಟಿತು. ಬೇರೆ ಮತದವರನ್ನು ಅದು ಸೇರಿಸಿಕೊಂಡದ್ದು 1968ರಲ್ಲಿ.

ಇಲ್ಲಿ ನನಗೆ ನನ್ನ ಹಾಸ್ಟೆಲು ನೆನಪಾಯಿತು. ಬಿ.ಎಸ್ಸಿ. ಓದುವಾಗ ನಾನಿದ್ದದ್ದು ನಮ್ಮ ಸಮಾಜದ ಉಚಿತ ವಿದ್ಯಾರ್ಥಿ ನಿಲಯದಲ್ಲಿ. ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಒಂದೊಂದು ಸಮಾಜದ ಹಿರಿಯರು ಹಳ್ಳಿ ಹುಡುಗರಿಗಾಗಿ ಚಂದಾ ಎತ್ತಿ ಕಟ್ಟಿಸಿದರಲ್ಲ, ಅಂಥದ್ದು. ಸಂಜೆ ಆರೂವರೆಗೆ ಗಂಟೆ, ಪ್ರಾರ್ಥನೆ. ಪ್ರಾರ್ಥನೆಗೆ ತಪ್ಪಿದವನಿಗೆ ಊಟವಿಲ್ಲ. ಅದು ಇಲ್ಲದಿದ್ದರೆ ನಾನು ಮೇಷ್ಟರಾಗುತ್ತಿರಲಿಲ್ಲ, ಇದು ಖಂಡಿತ. ಆದರೆ ಪಕ್ಕದ ರಸ್ತೆಯ ಹಾಸ್ಟೆಲಿನ ಹುಡುಗ ಬೇರೆ ಸಮಾಜದವನೆಂದು ಮೂರು ವರ್ಷ ನಾವು ಅವನ ಪಂಕ್ತಿಯಲ್ಲಿ ಕೂತು ಉಣ್ಣಲಿಲ್ಲ, ಇದೂ ಅಷ್ಟೇ ಖಂಡಿತ. ನಮಗೆ ಯಾರೂ ಆಣೆ ಇಡಿಸಲಿಲ್ಲ. ಬೇಕಾಗಿಯೂ ಇರಲಿಲ್ಲ, ಸದಸ್ಯತ್ವ ಹುಟ್ಟಿನಿಂದಲೇ ಬಂದಿತ್ತು.

ಅಮೆರಿಕದಲ್ಲಿ ಬೇಲಿ ಅಲುಗಿದ್ದು ಎರಡನೆಯ ಮಹಾಯುದ್ಧದ ನಂತರ. ಹಿಟ್ಲರನ ವಿರುದ್ಧ ಹೋರಾಡಿ ಬಂದ ತರುಣರಿಗೆ, ಸಂಘದ ನಿಯಮಾವಳಿಯಲ್ಲಿ ಕ್ರೈಸ್ತ ಬಿಳಿಯರಿಗೆ ಮಾತ್ರ ಎಂದು ಓದುವಾಗ ಬಾಯಿ ಕಹಿಯಾಗಿರಬೇಕು. ಆಮ್‌ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆ 1948ರಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಯೊಬ್ಬನನ್ನು ಸೇರಿಸಿಕೊಂಡಿತು. ಕೇಂದ್ರ ಸಂಘ ಆ ಶಾಖೆಯನ್ನೇ ಹೊರಹಾಕಿತು. 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ, ರಾಷ್ಟ್ರೀಯ ಸಂಘಗಳ ಶಾಖೆಗಳಿಗೂ, ಜನಾಂಗ ಅಥವಾ ಮತ ನೋಡಿ ಸದಸ್ಯರನ್ನು ಆರಿಸುವ ಸಂಘಗಳಿಗೂ ತನ್ನ ಕಾಲೇಜುಗಳಲ್ಲಿ ಜಾಗವಿಲ್ಲ ಎಂದಿತು. ಸಂಘದವರು ಕೋರ್ಟಿಗೆ ಹೋದರು, ಸೋತರು. ಮರುವರ್ಷ ಜೀಟಾ ಬೀಟಾ ಟೌ ತಾನಾಗಿಯೇ ಮತದ ಷರತ್ತನ್ನು ತೆಗೆದುಹಾಕಿತು.

ಮಿನರ್ವಾ ಮತ್ತು ಆಯುಧಪೂಜೆ

ಈ ಕತೆಯ ಇತ್ತೀಚಿನ ಅಧ್ಯಾಯವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಬಿಳಿಯರ ಸಂಘಗಳು ಬಾಗಿಲು ಮುಚ್ಚಿದ್ದರಿಂದ ಕಪ್ಪು ವರ್ಣದ ವಿದ್ಯಾರ್ಥಿಗಳೂ ತಮ್ಮವನ್ನು ಕಟ್ಟಿಕೊಂಡಿದ್ದರು. 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಆಲ್ಫಾ ಕಪ್ಪಾ ಆಲ್ಫಾ. ಅಲ್ಲಿಯೇ 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ. ಇಂಥ ಒಂಬತ್ತು ಸಂಘಗಳಿವೆ. ಡೆಲ್ಟಾದ ಇಪ್ಪತ್ತೆರಡು ಹುಡುಗಿಯರು ಸಂಘ ಕಟ್ಟಿದ ಎರಡೇ ತಿಂಗಳಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನ ಬೀದಿಯಲ್ಲಿ ನಡೆದರು. ಅಮೆರಿಕದ ಉಪಾಧ್ಯಕ್ಷೆಯಾಗಿದ್ದ, ತಮಿಳು ತಾಯಿಯ ಮಗಳು ಕಮಲಾ ಹ್ಯಾರಿಸ್ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆ. ಕಪ್ಪು ಜನರಿಗೆ ಈ ಸಂಘ ಕಾಲೇಜಿನೊಂದಿಗೆ ಮುಗಿಯುವಂಥದ್ದಲ್ಲ, ಸಾಯುವವರೆಗಿನ ನಂಟು. ಮದುವೆಯಲ್ಲಿ, ನೌಕರಿಯಲ್ಲಿ, ಕೊನೆಗೆ ಅಂತ್ಯಕ್ರಿಯೆಯಲ್ಲೂ ಸೋದರಿಯರು ಬಂದು ನಿಲ್ಲುತ್ತಾರೆ.

ಇಂಥ ಸಂಘಗಳನ್ನು ಈಚಿನ ವರ್ಷಗಳಲ್ಲಿ ಕೆಲವು ಸದಸ್ಯೆಯರು ಬಹಿರಂಗವಾಗಿ ತ್ಯಜಿಸುತ್ತಿದ್ದಾರೆ. ರಾಜೀನಾಮೆ ಪತ್ರ ಓದಿ, ಅದರ ವಿಡಿಯೋ ಮಾಡಿ ಎಲ್ಲರಿಗೂ ತೋರಿಸುತ್ತಾರೆ. ಕಾರಣ ಅವರ ಕ್ರೈಸ್ತ ನಂಬಿಕೆ. ದೀಕ್ಷೆಯಲ್ಲಿ ಇಟ್ಟ ಆಣೆ, ಪೂಜಾಪೀಠದಂಥ ಮೇಜು, ಸಂಘವನ್ನೇ ಹೊಗಳುವ ಸ್ತುತಿಗೀತೆ, ಇವೆಲ್ಲ ಒಬ್ಬನೇ ದೇವರಿಗೆ ಸಲ್ಲಬೇಕಾದದ್ದನ್ನು ಬೇರೆಯದಕ್ಕೆ ಸಲ್ಲಿಸಿದಂತೆ ಎನ್ನುತ್ತಾರೆ. ಡೆಲ್ಟಾ ಸಂಘದ ಲಾಂಛನ ಮಿನರ್ವಾ, ರೋಮನ್ನರ ವಿದ್ಯಾದೇವತೆ. ಕಲ್ಲಿನ ಮೂರ್ತಿಯಷ್ಟೇ ಎಂದು ಒಬ್ಬಳಿಗೆ ಕಂಡದ್ದು ಇನ್ನೊಬ್ಬಳಿಗೆ ವಿಗ್ರಹಾರಾಧನೆ.

ನಮ್ಮಂಥವರಿಗೆ ಇದು ಥಟ್ಟನೆ ಅರ್ಥವಾಗುವುದಿಲ್ಲ. ಆಯುಧಪೂಜೆಯ ದಿನ ನಮ್ಮ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಬ್ಯುರೆಟ್ ಸ್ಟ್ಯಾಂಡಿಗೆ ಸೇವಂತಿಗೆ ಸುತ್ತಿ ಕೈಮುಗಿಯುತ್ತೇವೆ. (ಮಸೂರಕ್ಕೆ ಕುಂಕುಮ ತಾಗಿಸಬೇಡಿ ಎಂದು ಕೂಗುವುದು ಪ್ರತಿವರ್ಷ ನನ್ನ ಪಾಲಿನ ಮಂತ್ರ.) ಇನ್ನೊಂದು ವಿದ್ಯಾದೇವತೆ ಬಂದರೆ ಶಾರದೆಯ ಪಕ್ಕದಲ್ಲೇ ಒಂದು ಮಣೆ ಹಾಕುತ್ತೇವೆ. ಆದರೆ ಅದೇ ನಾವು, ಮೇಜಿನ ಮೇಲೆ ಬೈಬಲ್ ಇದೆಯೆಂದ ಕೂಡಲೇ ಮತಾಂತರವೇ ಎಂದು ನಡುಗುತ್ತೇವೆ. ಅಕ್ಕನ ಮಗಳ ಅಂಜಿಕೆಯನ್ನು ಗಂಭೀರವಾಗಿ ತೆಗೆದುಕೊಂಡ ಮೇಲೆ ಆ ಕಪ್ಪು ಹೆಂಗಸರ ಅಂಜಿಕೆಯನ್ನು ನಗೆಯಾಡಲು ನನಗೆ ಬಾಯಿ ಬರಲಿಲ್ಲ. ಅವರು ಕಳೆದುಕೊಳ್ಳುವುದೂ ಕಡಿಮೆಯಲ್ಲ. ನಲವತ್ತು ವರ್ಷದ ಗೆಳತಿಯರು ಮಾತು ಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿಯೂ ಅಜ್ಜಿಯೂ ಅದೇ ಸಂಘದವರು.

ಇನ್ನೊಂದು ಪಕ್ಷವೂ ಇದೆ. ಸಂಘ ಕಟ್ಟಿದ ಹಿರಿಯರಲ್ಲಿ ಅನೇಕರು ಚರ್ಚಿಗೆ ನಡೆದುಕೊಳ್ಳುವವರೇ ಆಗಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿಯಾದ ನಂತರ, 1952ರಲ್ಲಿ ಬಾಸ್ಟನ್ನಿನಲ್ಲಿ ಓದುವಾಗ ಆಲ್ಫಾ ಫೈ ಆಲ್ಫಾ ಸೇರಿದರು. ಅದರ ಲಾಂಛನ ಈಜಿಪ್ಟಿನ ಸ್ಫಿಂಕ್ಸ್. ಕಿಂಗ್ ಅವರ ಭಕ್ತಿಗೆ ಅದು ಅಡ್ಡಿಯಾಗಲಿಲ್ಲ. 2011ರಲ್ಲಿ ವಾಷಿಂಗ್ಟನ್ನಿನಲ್ಲಿ ಅವರ ಸ್ಮಾರಕ ಎದ್ದು ನಿಂತದ್ದು ಆ ಸಂಘದ ಸೋದರರು ಹಿಡಿದ ಹಟದಿಂದಲೇ.

ಕೆಲವರು ಮೂರನೆಯ ದಾರಿ ಹಿಡಿದಿದ್ದಾರೆ, ತಮ್ಮ ಧರ್ಮಕ್ಕೇ ಗ್ರೀಕ್ ಅಂಗಿ ತೊಡಿಸುವುದು. 1985ರಲ್ಲಿ ಟೆಕ್ಸಸ್‌ನ ಆಸ್ಟಿನ್ನಿನಲ್ಲಿ ಬೀಟಾ ಅಪ್ಸಿಲಾನ್ ಕೈ ಎಂಬ ಕ್ರೈಸ್ತ ಸಂಘ ಹುಟ್ಟಿತು. ಕ್ರೈಸ್ತರಿಗೆ ಮಾತ್ರ ಎಂಬ ಕಾರಣಕ್ಕೆ ಫ್ಲಾರಿಡಾ ವಿಶ್ವವಿದ್ಯಾಲಯ ಅದಕ್ಕೆ ಮಾನ್ಯತೆ ನಿರಾಕರಿಸಿದಾಗ 2007ರಲ್ಲಿ ದಾವೆ ಹೂಡಿತು. ವಿಶ್ವವಿದ್ಯಾಲಯವೇ ನಿಯಮ ಬದಲಿಸಿಕೊಂಡಿತು. ಆದರೆ 2010ರಲ್ಲಿ ಕ್ರೈಸ್ತ ಕಾನೂನು ವಿದ್ಯಾರ್ಥಿಗಳ ಬೇರೊಂದು ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಎಲ್ಲರನ್ನೂ ಸೇರಿಸಿಕೊಳ್ಳಬೇಕೆಂಬ ನಿಯಮವನ್ನು ಕಾಲೇಜು ಎಲ್ಲ ಸಂಘಗಳಿಗೂ ಸಮನಾಗಿ ಹಾಕಿದ್ದರೆ ತಪ್ಪಿಲ್ಲ ಎಂದಿತು. ಮುಸ್ಲಿಂ ಹುಡುಗಿಯರ ಗಾಮಾ ಗಾಮಾ ಕೈ 2005ರಲ್ಲಿ ಬಂತು. 2013ರಲ್ಲಿ ಡಲ್ಲಾಸಿನಲ್ಲಿ ಮುಸ್ಲಿಂ ಹುಡುಗರ ಆಲ್ಫಾ ಲ್ಯಾಮ್ಡಾ ಮ್ಯೂ ಹುಟ್ಟಿತು. ಕುರಾನಿನ ಕೆಲವು ಅಧ್ಯಾಯಗಳ ಮೊದಲಿಗೆ ಬರುವ ಅಲಿಫ್, ಲಾಮ್, ಮೀಮ್ ಅಕ್ಷರಗಳಿಗೆ ಅದು ಗ್ರೀಕ್ ರೂಪ. ಹೀಬ್ರೂ ಅಕ್ಷರಗಳು ನೂರು ವರ್ಷದ ಹಿಂದೆ ಹಾಕಿದ ವೇಷವನ್ನೇ ಅರಬ್ಬಿ ಅಕ್ಷರಗಳೂ ಹಾಕಿದವು.

ನಮ್ಮ ದೇಶದ ಮೂಲದವರದ್ದು ಧರ್ಮಕ್ಕಿಂತ ನಾಡಿನ ನಂಟು. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಅಯೋಟಾ ನ್ಯೂ ಡೆಲ್ಟಾ, 1998ರಲ್ಲಿ ಟೆಕ್ಸಸ್ಸಿನಲ್ಲೇ ಹುಡುಗಿಯರ ಕಪ್ಪಾ ಫೈ ಗಾಮಾ ಮತ್ತು ಡೆಲ್ಟಾ ಫೈ ಒಮೆಗಾ. ದಕ್ಷಿಣ ಏಷ್ಯಾದ ಎಲ್ಲ ಮತದ ಮಕ್ಕಳಿಗೂ ಅಲ್ಲಿ ಜಾಗವುಂಟು.

ಇಷ್ಟನ್ನೂ ಕೂಡಿಹಾಕಿಕೊಂಡು ನಾನು ಅಕ್ಕನ ಮಗಳಿಗೆ ಫೋನ್ ಮಾಡಿದೆ. ಮತಾಂತರದ ಭಯ ಬೇಡ, ಆದರೆ ಕಾಣದ ಆಣೆಯ ವಿಷಯ ಮಗಳ ಹತ್ತಿರ ಮಾತಾಡು ಎಂದೆ. ಹುಡುಗಿ ಬುದ್ಧಿವಂತೆ. ಸಂಘದ ಹಿರಿಯ ವಿದ್ಯಾರ್ಥಿನಿಯನ್ನೇ ನೇರವಾಗಿ ಕೇಳಿದಳಂತೆ, ಪ್ರಮಾಣದ ಮಾತನ್ನು ಮೊದಲೇ ಓದಬಹುದೇ ಎಂದು. ನಮ್ಮಲ್ಲಿ ಹಿಂದೂಗಳಿದ್ದಾರೆ, ಯಹೂದಿಗಳಿದ್ದಾರೆ, ಯಾರಿಗೂ ತೊಂದರೆಯಾಗಿಲ್ಲ, ಆದರೆ ತೋರಿಸುವ ಹಾಗಿಲ್ಲ ಎಂದು ಆಕೆ ನಯವಾಗಿಯೇ ಹೇಳಿದಳು. ಇವಳು ಅಷ್ಟೇ ನಯವಾಗಿ ಬೇಡವೆಂದು ಬಂದಳು. ವಾರವಿಡೀ ಅತ್ತಳಂತೆ, ಕೋಣೆಯ ಗೆಳತಿ ಅದೇ ಸಂಘ ಸೇರಿದ್ದಳು. ಇದನ್ನು ಕೇಳಿ ನನಗೂ ಸ್ವಲ್ಪ ಕಸಿವಿಸಿಯಾಯಿತು.

ಕಳೆದ ಡಿಸೆಂಬರಿನಲ್ಲಿ ತಾಯಿ ಮಗಳು ಮೈಸೂರಿಗೆ ಬಂದಿದ್ದರು. ಹುಡುಗಿ ತೊಟ್ಟಿದ್ದ ಜಾಕೆಟ್ಟಿನ ಬೆನ್ನ ಮೇಲೆ ಗ್ರೀಕ್ ಅಕ್ಷರಗಳು. ನಮ್ಮ ದೇಶದವರ ಸಂಘವೊಂದನ್ನು ಮರುವರ್ಷ ಸೇರಿದ್ದಳು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ಅಕ್ಕಿರೊಟ್ಟಿ ತಟ್ಟುತ್ತ, “ಇದೇನು ಬರೆದಿದೆ ಮಗಳೇ?” ಎಂದಳು. ಅವಳು ಓದಿದಳು. “ಅಂದರೆ ಏನು?”

“ಅದು ನಮ್ಮ ಸಿಸ್ಟರ್ಸ್‌ಗೆ ಮಾತ್ರ ಗೊತ್ತಿರೋದು ಅಜ್ಜಿ, ಹೇಳೋ ಹಾಗಿಲ್ಲ.”

“ಅಲ್ಲೂ ಆಣೆ ಇಟ್ಟೆಯಾ?” ಎಂದೆ ನಾನು.

“ಇಟ್ಟೆ ತಾತ.”

“ಮೊದಲೇ ಓದೋಕೆ ಕೊಟ್ಟರಾ?”

ಅವಳು ನಕ್ಕು, ತಟ್ಟೆ ಮುಂದಕ್ಕೆ ಚಾಚಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.